ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ

ಕಳೆದ ತಿಂಗಳು ಸಂಘದ ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ ಹಿರಿಯ ಸದಸ್ಯರೊಬ್ಬರು ತಮ್ಮ ಮಗನ ಮೇಲಿನ ಸಿಟ್ಟನ್ನು ನಮ್ಮೆದುರು ತೋಡಿಕೊಂಡರು. 2025ರ ಬೇಸಿಗೆಯಲ್ಲಿ ಹನ್ನೆರಡನೆಯ ತರಗತಿ ಪಾಸಾದ ಹುಡುಗ ಆಟವಾಡಲು ಒಂದು ಕಂಪ್ಯೂಟರ್ ಬೇಕೆಂದ. ಬಿಡಿ ಭಾಗಗಳನ್ನು ತಾನೇ ಆರಿಸಿ ಮನೆಯಲ್ಲೇ ಜೋಡಿಸುತ್ತೇನೆಂದೂ ಹೇಳಿದ. 'ನಿನಗೇನು ಗೊತ್ತು, ಸುಮ್ಮನಿರು' ಎಂದು ಗದರಿಸಿ, ತಂದೆ ತಾವೇ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಅಂಗಡಿಯವನು ಜೋಡಿಸಿಟ್ಟಿದ್ದ ಸೆಟ್ಟೊಂದನ್ನು ರೂ. 60,000ಕ್ಕೆ ತಂದರು. ಅದರಲ್ಲಿ ರೂ. 20,000 ಹುಡುಗ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟದ್ದು. ಯಂತ್ರವೋ, ಆಟ ಶುರುವಾದ ಹತ್ತು ನಿಮಿಷಕ್ಕೆ ತಾನಾಗಿ ಆರಿಹೋಗುತ್ತದೆ. 'ಆಟದ ಚಟಕ್ಕೆ ದೇವರು ಕೊಟ್ಟ ಶಿಕ್ಷೆ' ಎಂಬುದು ತಂದೆಯವರ ತೀರ್ಪು. ಸುತ್ತ ನಿಂತಿದ್ದ ನಾಲ್ಕು ಮಂದಿ ಹಿರಿಯರು ತಲೆಯಾಡಿಸಿದರು.

ನಾವು ಈ ತೀರ್ಪನ್ನು ಒಪ್ಪುವುದಿಲ್ಲ. ಇಲ್ಲಿ ತಪ್ಪು ಆಟದ್ದಲ್ಲ, ಹುಡುಗನದೂ ಅಲ್ಲ. ಪೆಟ್ಟಿಗೆಯ ಒಳಗೇನಿದೆ ಎಂದು ಕೇಳದೆ ಹಣ ಎಣಿಸಿ ಕೊಟ್ಟವರದು.

ಮರುವಾರ ಅವರ ಮನೆಗೆ ಹೋಗಿ, ಅವರ ಒಪ್ಪಿಗೆ ಪಡೆದೇ, ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದೆವು. ಹೊರಗೆ ಗಾಜಿನ ಗೋಡೆ, ಏಳು ಬಣ್ಣದ ದೀಪ. ಹೊರಗೆ ಶೃಂಗಾರ, ಒಳಗೆ ಗೋಳಿಸೊಪ್ಪು ಎಂಬ ಗಾದೆಯನ್ನು ನಮ್ಮ ಹಿರಿಯರು ಈ ಪೆಟ್ಟಿಗೆಯನ್ನು ನೋಡಿಯೇ ಕಟ್ಟಿದರೋ ಏನೋ! ಅಂಗಡಿಯವನು ಹೇಳಿದ್ದು 'ಐ ಸೆವೆನ್, ಹದಿನಾರು ಜಿ.ಬಿ., ಗ್ರಾಫಿಕ್ಸ್ ಕಾರ್ಡ್' ಎಂದು. ಅವನು ಸುಳ್ಳು ಹೇಳಿರಲಿಲ್ಲ. ಒಳಗಿದ್ದದ್ದು ಐ7-4770, ಅದು 2013ರಲ್ಲಿ ಮಾರುಕಟ್ಟೆಗೆ ಬಂದ ಪ್ರೊಸೆಸರು. 'ಐ ಸೆವೆನ್' ಎಂಬ ಹೆಸರು 2008ರಿಂದ ನಡೆದು ಬಂದಿದೆ. ಅದರ ಮುಂದಿನ ಅಂಕಿಗಳನ್ನು ಓದದವನಿಗೆ ಹೊಸದೂ ಒಂದೇ, ಹಳೆಯದೂ ಒಂದೇ. 2022ರ ಐ3-12100ರಲ್ಲಿಯೂ ಅದರಷ್ಟೇ ಕೋರುಗಳು, ನಾಲ್ಕೇ. ಆದರೂ ಅದು ಈ ಹಳೆಯ ಏಳನ್ನು ಬಹಳ ಹಿಂದೆ ಹಾಕುತ್ತದೆ.

ಯಂತ್ರ ಆರಿಹೋಗುವ ಕಾರಣ ಬೇರೆಯೇ ಇತ್ತು. ವಿದ್ಯುತ್ತನ್ನು ಹಂಚಿಕೊಡುವ ಎಸ್.ಎಂ.ಪಿ.ಎಸ್. ಪೆಟ್ಟಿಗೆಯ ಮೇಲೆ '500' ಎಂದು ದಪ್ಪಕ್ಷರ. ಕೆಳಗೆ ಸಣ್ಣಕ್ಷರದಲ್ಲಿ, 12 ವೋಲ್ಟಿನ ಸಾಲಿನಲ್ಲಿ, 16 ಆಂಪಿಯರ್. ಹನ್ನೆರಡು ಹದಿನಾರಲೆ ನೂರ ತೊಂಬತ್ತೆರಡು. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಈ ಸಾಲಿನಿಂದ. ಆ ಪ್ರೊಸೆಸರಿಗೆ ಕಂಪನಿ ಹೇಳುವ ಲೆಕ್ಕ 84 ವ್ಯಾಟ್, ಒಳಗಿದ್ದ ಆರ್.ಟಿ.ಎಕ್ಸ್. 3050 ಕಾರ್ಡಿಗೆ 130. ಎರಡೂ ಸೇರಿ 214. ಇನ್ನು ಬೋರ್ಡು, ಡಿಸ್ಕು, ಫ್ಯಾನು ಬೇರೆ. ಇರುವುದು 192, ಬೇಕಾದದ್ದು 214ಕ್ಕೂ ಮೇಲೆ. ಮೂಗಿಗಿಂತ ಮೂಗುತಿ ಭಾರ! ಪತ್ರ ಬರೆಯುವಾಗ, ಸಿನಿಮಾ ನೋಡುವಾಗ ಇಷ್ಟು ಹೊರೆ ಬೀಳದು. ಆಟ ಶುರುವಾದಾಗ ಬೀಳುತ್ತದೆ, ಯಂತ್ರ ಕೈಚೆಲ್ಲುತ್ತದೆ. ಇದರಲ್ಲಿ ದೇವರ ಶಿಕ್ಷೆ ಎಲ್ಲಿ ಬಂತು? ಇದು ನಾಲ್ಕನೆಯ ತರಗತಿಯ ಮಗ್ಗಿ.

ಎಸ್.ಎಂ.ಪಿ.ಎಸ್. ಬದಲಿಸಿದರೆ ಆರಿಹೋಗುವುದು ನಿಂತೀತು. ಆದರೆ ಕಷ್ಟ ಅಲ್ಲಿಗೆ ಮುಗಿಯದು. ಆ ಮದರ್‌ಬೋರ್ಡಿನ ಆಸನದಲ್ಲಿ ಈಚಿನ ಯಾವ ಪ್ರೊಸೆಸರೂ ಕೂರುವುದಿಲ್ಲ. ಅದರ ರ್‍ಯಾಮ್ ಡಿ.ಡಿ.ಆರ್.3, ಹೊಸ ಬೋರ್ಡಿಗೆ ಹಿಡಿಯದು. ಒಂದನ್ನು ಬದಲಿಸಹೋದರೆ ಮೂರನ್ನು ಬದಲಿಸಬೇಕು. ವಿಂಡೋಸ್ 10ರ ಉಚಿತ ಸುರಕ್ಷಾ ಸೇವೆ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಮೊದಲೇ ಸಾರಿದ್ದರು. ವಿಂಡೋಸ್ 11 ಈ ಪ್ರೊಸೆಸರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಲ್ಲ. ಇನ್ನು ಅಂಗಡಿಗೆ ಮರಳಿಸೋಣವೆಂದರೆ, ಜಿ.ಎಸ್.ಟಿ. ಉಳಿಯಿತೆಂದು ಹಿಗ್ಗಿ ಬಿಲ್ಲೇ ಪಡೆದಿಲ್ಲ.

ಆಗ ಹುಡುಗ ಒಳಗಿನಿಂದ ತನ್ನ ನೋಟ್ ಪುಸ್ತಕ ತಂದ. ಕೊನೆಯ ಪುಟದಲ್ಲಿ ಅವನು ಆ ಬೇಸಿಗೆಯಲ್ಲಿ ಬರೆದಿಟ್ಟಿದ್ದ ಪಟ್ಟಿ ಇತ್ತು. ರೈಜ಼ೆನ್ 5 5600 ಪ್ರೊಸೆಸರು. ಅದರ ಆಸನ ಎ.ಎಂ.4, ಆದ್ದರಿಂದ ಬಿ550 ಬೋರ್ಡು. ಆ ಬೋರ್ಡಿಗೆ ಡಿ.ಡಿ.ಆರ್.4 ರ್‍ಯಾಮ್, ಅದೂ 16 ಜಿ.ಬಿ.ಯ ಒಂದು ಪಟ್ಟಿಯಲ್ಲ, ಎರಡು ದಾರಿಯಲ್ಲಿ ಕೆಲಸ ಸಾಗಲೆಂದು 8ರ ಎರಡು. ಪ್ರೊಸೆಸರಿನೊಳಗೆ ಚಿತ್ರ ಮೂಡಿಸುವ ಭಾಗವಿಲ್ಲ, ಕಾರ್ಡಿಲ್ಲದೆ ಪರದೆ ಬೆಳಗದು ಎಂಬ ಟಿಪ್ಪಣಿ. ಅದರ ಕೆಳಗೆ ಆರ್.ಎಕ್ಸ್. 6600 ಕಾರ್ಡು, 132 ವ್ಯಾಟ್. ಪ್ರೊಸೆಸರಿಗೆ ಹೆಚ್ಚೆಂದರೆ 76, ಉಳಿದವಕ್ಕೆಲ್ಲ 50. ಒಟ್ಟು 258, ಕಾರ್ಡು ಗಳಿಗೆಗೊಮ್ಮೆ ಹೆಚ್ಚು ಎಳೆಯುವುದರಿಂದ 550 ವ್ಯಾಟಿನ, ಹೆಸರುಳ್ಳ ಕಂಪನಿಯ ಎಸ್.ಎಂ.ಪಿ.ಎಸ್. ಕಾರ್ಡಿನ ಉದ್ದ ಕ್ಯಾಬಿನೆಟ್ಟಿಗೆ ಹಿಡಿಸುತ್ತದೆಯೇ ಎಂಬುದನ್ನೂ ಮಿಲಿಮೀಟರಿನಲ್ಲಿ ಬರೆದಿದ್ದ. ಮೊತ್ತ ಅದೇ ರೂ. 60,000ದ ಒಳಗಿತ್ತು. ತಂದೆಯವರು ಆ ಪುಟವನ್ನು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ.

ಅವರು ಹೇಳದಿದ್ದುದನ್ನು ನಾವು ಹೇಳುತ್ತೇವೆ. ಮದುವೆಗೆ ಹತ್ತು ಕೂಟ ನೋಡಿ ಜಾತಕ ಕೂಡಿಸುವ ನಾವು, ಪ್ರೊಸೆಸರಿಗೂ ಬೋರ್ಡಿಗೂ ಕೂಡಿಬರುವುದೇ ಎಂದು ಒಂದು ಮಾತು ಕೇಳುವುದಿಲ್ಲ. ಈ ನಗರದಲ್ಲಿ ಹೋಟೆಲು ನಡೆಸಿದ ನಮ್ಮವರು ರುಬ್ಬುವ ಯಂತ್ರ ಕೊಳ್ಳುವಾಗ ಮೋಟಾರಿನ ಅಶ್ವಶಕ್ತಿ ಎಷ್ಟು, ನಮ್ಮ ವಯರಿಂಗ್ ತಡೆದೀತೇ ಎಂದು ಕೇಳದೆ ಮುಂಗಡ ಕೊಟ್ಟವರಲ್ಲ. ಅದೇ ಜನ ಕಂಪ್ಯೂಟರಿನ ಮುಂದೆ ಏಕೆ ಕೈಕಟ್ಟಿ ನಿಲ್ಲಬೇಕು?

'ಅಂಗಡಿಯವನಿಗೆ ಗೊತ್ತಿರುತ್ತದೆ' ಎನ್ನುವವರಿದ್ದಾರೆ. ಗೊತ್ತಿರುತ್ತದೆ ಸ್ವಾಮಿ, ನಿಮಗೆ ಗೊತ್ತಿಲ್ಲವೆಂಬುದೂ ಗೊತ್ತಿರುತ್ತದೆ. ಲ್ಯಾಮಿಂಗ್ಟನ್ ರಸ್ತೆಯಿರಲಿ, ದೆಹಲಿಯ ನೆಹರೂ ಪ್ಲೇಸ್ ಇರಲಿ, ಬೆಂಗಳೂರಿನ ಎಸ್.ಪಿ. ರೋಡ್ ಇರಲಿ, ಪ್ರಾಮಾಣಿಕ ವ್ಯಾಪಾರಿಗಳು ಎಲ್ಲೆಡೆ ಇದ್ದಾರೆ. ಆದರೆ 'ಒಂದು ಒಳ್ಳೆಯ ಗೇಮಿಂಗ್ ಸೆಟ್ ಕೊಡಿ' ಎಂದು ಕೇಳಿದವನಿಗೆ ಯಾವುದು ಉಳಿದಿದೆಯೋ ಅದನ್ನು ಕೊಡುವುದು ವ್ಯಾಪಾರದ ಧರ್ಮ. ಚೀಟಿ ಹಿಡಿದು ಹೋಗುವುದು ಗಿರಾಕಿಯ ಧರ್ಮ.

'ಆಟಕ್ಕೇಕೆ ಇಷ್ಟು ಖರ್ಚು' ಎನ್ನುವವರೂ ಇದ್ದಾರೆ. ಆಟದ ಹೊತ್ತಿಗೆ ಮಿತಿ ಬೇಕು, ಒಪ್ಪಿದೆವು. ಅದು ಮನೆಯ ಹಿರಿಯರು ನೋಡಿಕೊಳ್ಳಬೇಕಾದ ಮಾತು. ಆದರೆ ಖರ್ಚು ಮಾಡುವುದೇ ನಿಜವಾದರೆ ಕೆಟ್ಟ ಯಂತ್ರಕ್ಕೆ ಮಾಡಿದ ಖರ್ಚು ಯಾವ ಮಿತವ್ಯಯ? ಮೇಲಾಗಿ, ಏಳೆಂಟು ಭಾಗಗಳ ವಿವರ ಓದಿ, ಒಂದಕ್ಕೊಂದು ತಾಳೆ ನೋಡಿ, ಹಣದ ಮಿತಿಯೊಳಗೆ ಪಟ್ಟಿ ಮಾಡಿದ ಹುಡುಗನನ್ನು ಚಟಗಾರನೆಂದು ಕರೆಯುವುದು ಅನ್ಯಾಯ. ಎಂಜಿನಿಯರಿಂಗ್ ಸೀಟಿಗಾಗಿ ಲಕ್ಷ ಸುರಿಯಲು ಸಿದ್ಧರಿರುವ ನಾವೇ, ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಮಗನ ಕೈಗೆ ಹೊಡೆಯುತ್ತೇವೆ!

ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ. ಹಣಕ್ಕಿಂತ ಮೊದಲು ಪಟ್ಟಿ ತಯಾರಾಗಲಿ, ಅದನ್ನು ಮಕ್ಕಳೇ ಬರೆಯಲಿ. ಮಗಳು ಬರೆದರೆ ಇನ್ನೂ ಸಂತೋಷ. ಪ್ರೊಸೆಸರಿನ ಪೂರ್ತಿ ಅಂಕಿ, ಬೋರ್ಡಿನ ಆಸನ, ರ್‍ಯಾಮಿನ ತಲೆಮಾರು, ಎಸ್.ಎಂ.ಪಿ.ಎಸ್.ನ 12 ವೋಲ್ಟಿನ ಸಾಲು, ಈ ನಾಲ್ಕನ್ನು ನೀವು ಕೇಳಿ, ಅವರು ವಿವರಿಸಲಿ. ಡಿ.ಡಿ.ಆರ್.4, ಡಿ.ಡಿ.ಆರ್.5 ಎರಡಕ್ಕೂ 288 ಕಾಲುಗಳಿದ್ದರೂ ನಡುವಿನ ಕಚ್ಚು ಬೇರೆ, ಒತ್ತಿ ಕೂರಿಸಹೋದರೆ ಬೋರ್ಡೇ ಹಾಳು ಎಂಬುದನ್ನು ತಿಳಿದಿರಲಿ. ಪ್ರತಿ ಭಾಗಕ್ಕೂ ಬಿಲ್ಲು ಇರಲಿ, ಬಿಲ್ಲಿನಲ್ಲಿ ಸೀರಿಯಲ್ ನಂಬರು ಇರಲಿ.

ಸಂಘಕ್ಕೂ ಒಂದು ಮಾತು. ವರ್ಷಕ್ಕೆರಡು ಸಲ ರಂಗೋಲಿ ಸ್ಪರ್ಧೆ ನಡೆಸುತ್ತೇವೆ, ನಡೆಸೋಣ. ಒಂದು ಭಾನುವಾರ ಸಂಘದ ಕೋಣೆಯಲ್ಲಿ ಮೇಜು ಹಾಕಿ, ಯಾರದಾದರೂ ಒಂದು ಯಂತ್ರದ ಮುಚ್ಚಳ ತೆಗೆದು ಎಲ್ಲರೂ ಸುತ್ತ ಕೂತು ನೋಡೋಣ. ಹೇಳಿಕೊಡುವವರು ಯಾರೆಂಬ ಚಿಂತೆ ಕಾರ್ಯಕಾರಿ ಸಮಿತಿಗೆ ಬೇಡ. ಆ ಹುಡುಗನನ್ನು ಕೇಳಿದ್ದೇವೆ. ಬರುತ್ತೇನೆಂದಿದ್ದಾನೆ. ತಂದೆಯವರೂ ಜೊತೆಯಲ್ಲಿ ಬರುತ್ತಾರಂತೆ.