ಹಣ ಕೊಟ್ಟರೆ ಬಾಯಿ ಕಟ್ಟಿದಂತಲ್ಲ

ಅಮೆರಿಕದ ಲೇಖಕ ಹಾರ್ಲನ್ ಎಲಿಸನ್ ಕುರಿತು ಬೆಳಗಾವಿ ಜಿಲ್ಲೆಯ ಏಕಸಂಬಿಯ ಗೆಳೆಯರ ಜೊತೆ ಶುರುವಾದ ನನ್ನ ವಾದ ಇನ್ನೂ ಮುಗಿದಿಲ್ಲ. ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ವೈಜ್ಞಾನಿಕ ಧಾರಾವಾಹಿಗೆ ಎಲಿಸನ್ ಬರೆದ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಕಂತು 1967ರ ಏಪ್ರಿಲ್ 6ರಂದು ಪ್ರಸಾರವಾಯಿತು. ಅಷ್ಟರೊಳಗೆ ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡನ್‌ಬರಿ ಮತ್ತು ಅವರ ಬಳಗ ಚಿತ್ರಕಥೆಯನ್ನು ಹಲವು ಸಲ ತಿದ್ದಿತ್ತು. ಹಾಗೆ ತಿದ್ದಿಸಿಕೊಂಡ ನೋವು ಎಲಿಸನ್ನರನ್ನು ದಶಕಗಳ ಕಾಲ ಬಿಡಲಿಲ್ಲ. ಗೆಳೆಯರಿಗೆ ಅವರು ಬರೀ ಜಗಳಗಂಟ. ಗೆಳೆಯರ ನಾಲ್ಕು ಆಕ್ಷೇಪಗಳಿಗೆ ನನ್ನ ಉತ್ತರ ಇದು.

ಒಂದು: ‘ಮಾರಿದ ಮೇಲೆ ಮುಗೀತು.’ ಕಬ್ಬು ಕಾರ್ಖಾನೆಯ ಕಾಟಾ ದಾಟಿದ ಮೇಲೆ ರೈತನದೇನು ಉಳೀತು ಎಂದು ಕೇಳುತ್ತಾರೆ. ಸಕ್ಕರೆ ಚೀಲದ ಮೇಲೆ ಬೆಳೆದವನ ಹೆಸರಿರುವುದಿಲ್ಲ. ಕತೆಯ ಮೇಲೆ ಬರೆದವನ ಹೆಸರಿರುತ್ತದೆ. ಕತೆ ಕೆಟ್ಟರೆ ಆ ಹೆಸರೂ ಕೆಡುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಇದನ್ನು ಒಪ್ಪುತ್ತದೆ. ಹಕ್ಕು ಮಾರಿದ ಮೇಲೂ ಕೃತಿ ತನ್ನದೆಂದು ಹೇಳುವ, ತನ್ನ ಗೌರವಕ್ಕೆ ಕುಂದಾಗುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಅಧಿಕಾರ ಲೇಖಕನಿಗಿದೆ. ‘ಆಪ್‌ಕಾ ಬಂಟಿ’ ಕಾದಂಬರಿ ಸಿನಿಮಾ ಆದಾಗ ಹಿಂದಿ ಲೇಖಕಿ ಮನ್ನೂ ಭಂಡಾರಿ ಇದೇ ಕಲಮಿನ ಆಸರೆಯಲ್ಲಿ ನ್ಯಾಯ ಕೇಳಿದರು. 1986ರಲ್ಲಿ ದೆಹಲಿ ಹೈಕೋರ್ಟು ಲೇಖಕರ ಆ ಹಕ್ಕನ್ನು ಎತ್ತಿಹಿಡಿಯಿತು.

ಎರಡು: ‘ತಿದ್ದಿದ್ದೇ ಚಲೋ ಆತು.’ ಪ್ರಸಾರವಾದ ಕಂತಿಗೆ 1968ರಲ್ಲಿ ವೈಜ್ಞಾನಿಕ ಕತೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂತು, ನಿಜ. ಆದರೆ ಚಿತ್ರಕಥೆಗಾರರ ಸಂಘವಾದ ರೈಟರ್ಸ್ ಗಿಲ್ಡ್ ಪ್ರಶಸ್ತಿ ಕೊಟ್ಟಿದ್ದು ಎಲಿಸನ್ನರ ಮೂಲ ಬರಹಕ್ಕೆ. ಎರಡೂ ಚೆನ್ನಾಗಿದ್ದವು ಎಂದಷ್ಟೇ ಇದರ ಅರ್ಥ. ನಮ್ಮಲ್ಲೂ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದರು. ಜನ ಆ ಚಿತ್ರವನ್ನು ತಲೆಯ ಮೇಲೆ ಹೊತ್ತರು, ನಾನೂ ಮೆಚ್ಚಿದವನೇ. ನಾಗರಹಾವನ್ನು ಕೇರೆಹಾವು ಮಾಡಿದರೆಂದು ತ.ರಾ.ಸು. ನೊಂದುಕೊಂಡ ಮಾತು ಕನ್ನಡಿಗರ ಬಾಯಲ್ಲಿ ಇನ್ನೂ ಉಳಿದಿದೆ. ಚಿತ್ರ ಗೆದ್ದಿತೆಂದು ಆ ನೋವು ಸುಳ್ಳಾಗುವುದಿಲ್ಲ.

ಮೂರು: ‘ಆ ಬರಹ ಚಿತ್ರೀಕರಣಕ್ಕೆ ಒಗ್ಗುತ್ತಿರಲಿಲ್ಲ.’ ಈ ಮಾತಿನಲ್ಲಿ ಹುರುಳಿದೆ. ಖರ್ಚು ನೋಡುವುದು ನಿರ್ಮಾಪಕರ ಕೆಲಸ. ಮೂಲದಲ್ಲಿ ಗಗನನೌಕೆಯ ನಾಯಕ ಕರ್ಕ್, ಇತಿಹಾಸ ಉಳಿಯಲು ಸಾಯಲೇಬೇಕಾದ, ತಾನು ಪ್ರೀತಿಸಿದ ಹೆಣ್ಣನ್ನು ಸಾಯಲು ಬಿಡಲಾರದೆ ಸೋಲುತ್ತಾನೆ. ಪ್ರಸಾರವಾದ ಕಂತಿನಲ್ಲಿ ಅವಳನ್ನು ಉಳಿಸಲು ಹೊರಟ ನೌಕೆಯ ವೈದ್ಯ ಮೆಕಾಯ್‌ನನ್ನು ಅವನೇ ಹಿಡಿದು ನಿಲ್ಲಿಸುತ್ತಾನೆ. ಇಂಥ ಬದಲಾವಣೆ ಮಾಡುವ ಹಕ್ಕು ಅವರಿಗಿತ್ತೆನ್ನೋಣ. ಹಾಗಾದರೆ ತನ್ನ ಹೆಸರು ತೆಗೆದು ‘ಕಾರ್ಡ್‌ವೇನರ್ ಬರ್ಡ್’ ಎಂಬ ಗುಪ್ತನಾಮ ಹಾಕಿ ಎಂದು ಎಲಿಸನ್ ಕೇಳಿದಾಗ ಯಾಕೆ ಒಪ್ಪಲಿಲ್ಲ? ಎಲಿಸನ್ ನಮ್ಮ ನೌಕೆಯ ಎಂಜಿನಿಯರ್ ಸ್ಕಾಟಿಯಿಂದ ಮಾದಕ ವಸ್ತು ಮಾರಿಸಿದ್ದರು ಎಂದು ರಾಡನ್‌ಬರಿ ಆಮೇಲೆ ಹೇಳಿಕೊಂಡು ಬಂದದ್ದು ಯಾಕೆ? ಮೂಲ ಪ್ರತಿಯಲ್ಲಿ ಅದನ್ನು ಮಾರುವವನು ಬೆಕ್‌ವಿತ್ ಎಂಬ ಬೇರೆಯೇ ಪಾತ್ರ. ತಿದ್ದುವ ಹಕ್ಕಿನೊಳಗೆ ಸುಳ್ಳು ಹೇಳುವ ಹಕ್ಕು ಸೇರುವುದಿಲ್ಲ. 1996ರಲ್ಲಿ ಎಲಿಸನ್ ತಮ್ಮ ಮೂಲ ಪ್ರತಿಯನ್ನೇ ಪುಸ್ತಕ ಮಾಡಿ ಓದುಗರ ಮುಂದಿಟ್ಟರು. ಇದಕ್ಕಿಂತ ಪ್ರಾಮಾಣಿಕ ಉತ್ತರ ಯಾವುದಿದೆ?

ನಾಲ್ಕು: ‘ಎಲ್ಲಾ ರೊಕ್ಕಕ್ಕಾಗಿ.’ 2009ರಲ್ಲಿ, 42 ವರ್ಷಗಳ ಬಳಿಕ, ಆ ಕಂತಿನಿಂದ ಹುಟ್ಟಿದ ಸರಕುಗಳ ಆದಾಯದಲ್ಲಿ ಪಾಲು ಕೇಳಿ ಅವರು ದಾವೆ ಹೂಡಿದರು. ಅದೇ ವರ್ಷ ರಾಜಿಯಾಯಿತು. ದುಡಿದವನು ಪಾಲು ಕೇಳುವುದು ದುರಾಸೆಯೇ? ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ನಮ್ಮ ಸಂಸತ್ತೂ ಸಿನಿಮಾಕ್ಕೆ ಬರೆಯುವವರ ರಾಯಧನದ ಪಾಲನ್ನು ಕಾನೂನಾಗಿಸಿತು. ಇನ್ನು, 1966ರ ಡಿಸೆಂಬರಿನಲ್ಲಿ ‘ಸ್ಟಾರ್ ಟ್ರೆಕ್’ ಉಳಿಸಿರೆಂದು ಅಭಿಮಾನಿಗಳಿಗೆ ಮೊರೆಯಿಟ್ಟ ಲೇಖಕರ ಪತ್ರಕ್ಕೆ ಮುಂದೆ ನಿಂತವರು ಇದೇ ಎಲಿಸನ್. ಅವರ ನಾಲಗೆ ಕಟುವಾಗಿತ್ತು, ಅದನ್ನು ಸಮರ್ಥಿಸಲಾರೆ. ಆದರೆ ಧಾರಾವಾಹಿಯ ವೈರಿ ಎಂಬ ಹಣೆಪಟ್ಟಿ ಅವರಿಗೆ ಸಲ್ಲದು.

ಕೊನೆಗೆ ಗೆಳೆಯರು ಕೇಳಿದ್ದು ನಮ್ಮ ಸೀಮೆಯ ಬಯಲಾಟದ ಪ್ರಶ್ನೆ: ‘ಪಾರಿಜಾತ ಆಟ ಮೇಳದಿಂದ ಮೇಳಕ್ಕ ಬದಲಾಗೂದಿಲ್ಲೇನು?’ ಬದಲಾಗುತ್ತದೆ, ಬದಲಾಗಲಿ. ಆದರೂ ಶ್ರೀಕೃಷ್ಣ ಪಾರಿಜಾತವನ್ನು ಬರೆದವರು ಅಪರಾಳ ತಮ್ಮಣ್ಣ, ಬೆಳೆಸಿದವರು ಕುಲಗೋಡ ತಮ್ಮಣ್ಣ ಎಂದು ನಮ್ಮ ಜನ ಎರಡೂ ಹೆಸರು ಹೇಳುತ್ತಾರೆ. ಬೆಳೆಸಿದವನನ್ನು ಹೊಗಳಲು ಬರೆದವನ ಮೇಲೆ ಇಲ್ಲದ ಮಾತು ಹೊರಿಸಿಲ್ಲ. ಎಲಿಸನ್ ಕೇಳಿದ್ದು ಇಷ್ಟನ್ನೇ.