ಗರಿಕೆಕಂಡಿಯಾಚೆ ವಿದೇಶವೇ?

ಕೊಳ್ಳೇಗಾಲದಲ್ಲಿ ಅರ್ಜಿ ಬರೆದು ಬದುಕಿದವನು ನಾನು. ಹೋದ ತಿಂಗಳು ಹನೂರು ತಾಲ್ಲೂಕಿನ ರಾಮಾಪುರ ಕಡೆಯ ಸೊಸೆಯೊಬ್ಬಳು ಎದುರಿಗೆ ಕೂತು, ಪ್ಲಾಸ್ಟಿಕ್ ಕವರಿನಿಂದ ತಮಿಳುನಾಡಿನ ಕಾಗದವೊಂದನ್ನು ತೆಗೆದಳು. ಅವಳ ತವರು ಬರಗೂರು ಬೆಟ್ಟ. ಗರಿಕೆಕಂಡಿ ಚೆಕ್‌ಪೋಸ್ಟ್ ದಾಟಿದರೆ ಸಿಗುವ ಸೀಮೆ, ಈರೋಡು ಜಿಲ್ಲೆ, ಮನೆಮಾತು ಕನ್ನಡವೇ. ಗಂಡನ ರೇಷನ್ ಕಾರ್ಡಿಗೆ ಹೆಸರು ಸೇರಬೇಕು. ತವರಿನ ಕಾರ್ಡಿನಿಂದ ಹೆಸರು ತೆಗೆಸಿದ ಪತ್ರ ತಂದಿದ್ದಾಳೆ, ಆದರೆ ಅದು ತಮಿಳಿನಲ್ಲಿದೆ. ಕನ್ನಡ ಮಾಡಿಸಿಕೊಂಡು ಬಾ ಎಂದರಂತೆ ಇಲ್ಲಿನ ಕಚೇರಿಯವರು. ಮಾಡಿಸಿದಳು. ಅದಕ್ಕೆ ಅಲ್ಲಿನ ಮೊಹರು ಬೇಕು ಎಂದರಂತೆ. ತವರಿನ ತಾಲ್ಲೂಕು ಕಚೇರಿಯಿರುವ ಅಂದಿಯೂರಿಗೆ ಮೂರು ಸಲ ಬಸ್ಸು ಹತ್ತಿದ್ದಾಳೆ.

"ನಮ್ಮವ್ವನ ಮನೆ ಬೆಟ್ಟದಾಚ್ಗೆ ಅದ ಕನಪ್ಪೋ, ಇವ್ರು ನೋಡುದ್ರ ದುಬೈಯಿಂದ ಬಂದವ್ಳಂಗೆ ಆಡ್ತರ" ಎಂದಳು.

ನಗು ಬಂತು, ಜೊತೆಗೆ ನಮ್ಮಪ್ಪನ ಕ್ರಯಪತ್ರವೂ ನೆನಪಾಯಿತು. ಮದರಾಸು ಸರ್ಕಾರದ ಛಾಪಾ ಕಾಗದ, ಮೇಲೆ ಕೊಯಮತ್ತೂರು ಜಿಲ್ಲೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ, ಅದರೊಳಗಿದ್ದ ಹನೂರು, ಎಲ್ಲ ಆ ಕಡೆಯದೇ. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು, ಮೈಸೂರಿನದು. ಆಗ ಯಳಂದೂರಿನಿಂದ ಹೆಣ್ಣು ತಂದರೆ ರಾಜ್ಯ ದಾಟಿಸಿ ತಂದಂತೆ. ಈಗ ಯಳಂದೂರಿನ ಸೊಸೆಗೆ ಈ ಗೋಳಿಲ್ಲ. ಗೆರೆ ಅತ್ತ ಸರಿಯಿತು, ಗೋಳೂ ಅದರ ಜೊತೆ ಬರಗೂರಿಗೆ ಹೋಯಿತು, ಅಷ್ಟೇ.

ನೆರೆಯವರು ಕೂಡಿ ಆಡಳಿತ ಸುಧಾರಿಸುವುದು ನಮ್ಮ ದೇಶಕ್ಕೆ ಗೊತ್ತಿಲ್ಲದ್ದೇನಲ್ಲ. 2019ರ ಹೊತ್ತಿಗೆ ಬಾಂಗ್ಲಾದೇಶದ 1,500 ಅಧಿಕಾರಿಗಳಿಗೆ ಮಸ್ಸೂರಿಯ ಉತ್ತಮ ಆಡಳಿತ ರಾಷ್ಟ್ರೀಯ ಕೇಂದ್ರದಲ್ಲಿ ತರಬೇತಿಯಾಗಿತ್ತು. ಇನ್ನೂ 1,800 ಮಂದಿಗೆಂದು ಅದೇ ವರ್ಷ ಒಪ್ಪಂದವಾಯಿತು. ಢಾಕಾದವರು ಮಸ್ಸೂರಿಗೆ ಬರಬಹುದಾದರೆ ಅಂದಿಯೂರಿನ ತಹಶೀಲ್ದಾರರು ಹನೂರಿಗೆ ಬರಬಾರದೇ?

ಕೂಡುವುದೇ ಇಲ್ಲ ಎನ್ನಲಾರೆ. ಚುನಾವಣೆ ಬಂದರೆ ಗಡಿಯ ಅಧಿಕಾರಿಗಳು ಸಭೆ ಸೇರುತ್ತಾರೆ. ವೀರಪ್ಪನ್‌ಗಾಗಿ ಎರಡೂ ರಾಜ್ಯಗಳ ಪೊಲೀಸರು ವರ್ಷಗಟ್ಟಲೆ ಕೂಡಿ ಕಾಡು ಅಲೆದರು. ಆ ಕೂಟದಲ್ಲಿ ಬೆಟ್ಟದ ಬಡವರು ತಿಂದ ಏಟು ಬೇರೆ ಕಥೆ. ಹೆಣ್ಣುಮಗಳ ರೇಷನ್ ಕಾರ್ಡಿಗೆ ಮಾತ್ರ ಯಾರೂ ಕೂರುವುದಿಲ್ಲ. ದಕ್ಷಿಣ ವಲಯ ಮಂಡಳಿ ಅಂತ ಒಂದಿದೆ, ಈ ಗೆರೆ ಸರಿಸಿದ 1956ರ ಕಾಯ್ದೆಯಲ್ಲೇ ಹುಟ್ಟಿದ್ದು. ಅಲ್ಲಿ ಮುಖ್ಯಮಂತ್ರಿಗಳು ಕೂರುತ್ತಾರೆ. ರಾಮಾಪುರದ ಸೊಸೆಯ ಮೊಹರಿಗೆ ಅಷ್ಟು ದೊಡ್ಡವರು ಬೇಡ.

ಎರಡೂ ಭಾಷೆಯಲ್ಲಿರುವ ಒಂದು ಹಾಳೆಯ ನಮೂನೆ ಸಾಕು: ಹೆಸರು, ಕಾರ್ಡ್ ಸಂಖ್ಯೆ, ತೆಗೆದುಹಾಕಿದ ದಿನ. ಜೊತೆಗೆ ತಿಂಗಳಿಗೊಂದು ದಿನ ಇಬ್ಬರು ತಹಶೀಲ್ದಾರರು ಒಂದೇ ಮೇಜಿಗೆ ಕೂರಬೇಕು, ಒಮ್ಮೆ ರಾಮಾಪುರದಲ್ಲಿ, ಒಮ್ಮೆ ಬರಗೂರಿನಲ್ಲಿ. ಮಗುವಿನ ಜನನ ಪತ್ರ, ಶಾಲೆಯ ಟಿಸಿ, ಮುದುಕರ ಪಿಂಚಣಿ, ಎಲ್ಲಕ್ಕೂ ಅಲ್ಲೇ ಮೊಹರು ಬೀಳಲಿ.

ಚಾಮರಾಜನಗರ ಮತ್ತು ಈರೋಡು ಜಿಲ್ಲಾಧಿಕಾರಿಗಳೇ, ದಿನ ಗೊತ್ತು ಮಾಡಿ. ಮೇಜು, ಕುರ್ಚಿ, ಶಾಮಿಯಾನ ನಾವು ಹಾಕುತ್ತೇವೆ. ಅರ್ಜಿ ನಾನು ಪುಕ್ಕಟೆ ಬರೆದುಕೊಡುತ್ತೇನೆ.