ನಿಲುವುಳ್ಳ ಲಿನಕ್ಸ್ ಮತ್ತು ಕರಾವಳಿಯ ಕನ್ನಡ ಸಂಶೋಧನೆ

ಲಿನಕ್ಸ್ ಎಂಬುದು ಒಂದೇ ಸಿದ್ಧವಸ್ತುವಲ್ಲ. ಅದರ ತಿರುಳನ್ನು ಆಧರಿಸಿ ಬೇರೆಬೇರೆ ಗುಂಪುಗಳು ತಮ್ಮದೇ ವಿತರಣೆಗಳನ್ನು ಕಟ್ಟಿಕೊಡುತ್ತವೆ. ಕೆಲವು ವಿತರಣೆಗಳು ಆಯ್ಕೆಯನ್ನೆಲ್ಲ ಬಳಕೆದಾರನಿಗೇ ಬಿಡುತ್ತವೆ. ಮತ್ತೆ ಕೆಲವು ಬರವಣಿಗೆಯ ತಂತ್ರಾಂಶ, ಕೀಲಿಮಣೆ, ಪರದೆಯ ರೂಪ ಎಲ್ಲವನ್ನೂ ತಾವೇ ತೀರ್ಮಾನಿಸಿ ಕೊಡುತ್ತವೆ. ಎರಡನೆಯವನ್ನು ‘ನಿಲುವುಳ್ಳ ವಿತರಣೆ’ ಎನ್ನಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ಕನ್ನಡ ವಿಭಾಗಗಳಿಗೆ ಇಂತಹದು ಒಗ್ಗುತ್ತದೆಯೆ ಎಂಬುದು ಇಲ್ಲಿಯ ಪ್ರಶ್ನೆ.

ಇದಕ್ಕೆ ನಿದರ್ಶನ ನಮ್ಮ ಕರಾವಳಿಯ ದಕ್ಷಿಣ ತುದಿಯಲ್ಲೇ ಇದೆ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ 2017ರಲ್ಲಿ ‘ಕೈಟ್’ ಸಂಸ್ಥೆಯಾಯಿತು. ಅದು ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ವಿತರಣೆಯನ್ನು ರೂಪಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲೇ ಕಲಿಯುತ್ತಾರೆ. ಪಠ್ಯ, ತರಬೇತಿ, ಪ್ರಾಯೋಗಿಕ ಪರೀಕ್ಷೆ ಮೂರಕ್ಕೂ ಒಂದೇ ತಳಹದಿ ಇರುವುದು ಇದರ ದೊಡ್ಡ ಗುಣ. ಒಬ್ಬ ಅಧ್ಯಾಪಕ ಕಲಿತದ್ದು ಇನ್ನೊಂದು ಶಾಲೆಯಲ್ಲೂ ನಡೆಯುತ್ತದೆ. ವಿದ್ಯಾರ್ಥಿ ಅದರ ಪ್ರತಿಯನ್ನು ಮನೆಗೊಯ್ದರೆ ಕಾನೂನಿನ ತೊಡಕಿಲ್ಲ.

ದೋಷವೂ ಇದೇ ಗುಣದ ಬೆನ್ನಿಗಿದೆ. ಶಾಲಾ ಪಠ್ಯಕ್ಕಾಗಿ ಮಾಡಿದ ತೀರ್ಮಾನ ಸಂಶೋಧಕನ ಅಗತ್ಯವನ್ನು ಮುಂಗಾಣಲಾರದು. ಕುಂದಗನ್ನಡವನ್ನೇ ನೋಡಬಹುದು. ‘ಹೋಯ್ಕ್’ನಂತಹ ವ್ಯಂಜನಾಂತ ರೂಪಗಳಿಗೆ ಪ್ರತ್ಯಯ ಸೇರಿಸುವಾಗ ಒತ್ತಕ್ಷರವಾಗದಂತೆ ತಡೆಯಲು ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಇಡಬೇಕಾಗುತ್ತದೆ. ಸಿದ್ಧ ಕೀಲಿಮಣೆಯಲ್ಲಿ ಅದು ಸುಲಭವಾಗಿ ಸಿಗದಿದ್ದರೆ ಕ್ಷೇತ್ರಕಾರ್ಯದ ಬರಹವೇ ಕೆಡುತ್ತದೆ. ಶಿಷ್ಟಕನ್ನಡವನ್ನಷ್ಟೇ ಬಲ್ಲ ಕಾಗುಣಿತ ಪರೀಕ್ಷಕ ‘ಕಾಂಬ’ ಎಂಬುದರ ಕೆಳಗೆ ಕೆಂಪು ಗೆರೆ ಎಳೆದಾಗ, ಅವಸರದ ಬೆರಳಚ್ಚುಗಾರ ಅದನ್ನು ‘ನೋಡೋಣ’ ಎಂದು ತಿದ್ದಿಬಿಟ್ಟರೆ ಉಪಭಾಷೆಯ ಸಾಕ್ಷ್ಯವೇ ಅಳಿಯುತ್ತದೆ. ಯಂತ್ರದ ನಿಲುವು ಹೀಗೆ ಭಾಷೆಯ ನಿಲುವಾಗಿ ಪರಿಣಮಿಸುವುದು ಕಡೆಗಣಿಸತಕ್ಕ ಸಂಗತಿಯಲ್ಲ.

ಹಾಗೆಂದು ನಿಲುವೇ ಬೇಡವೆನ್ನಲಾಗದು. ಕನ್ನಡ ಗಣಕದ ಚರಿತ್ರೆ ಈ ವಿಷಯದಲ್ಲಿ ಎರಡು ಪಾಠಗಳನ್ನು ಹೇಳುತ್ತದೆ. ಕೆ.ಪಿ. ರಾವ್ ಅವರ ಚಿಂತನೆಯಿಂದ ಮೂಡಿ, ಕನ್ನಡ ಗಣಕ ಪರಿಷತ್ತಿನ ಮೂಲಕ ಬಳಕೆಗೆ ಬಂದ ಕೀಲಿಮಣೆ ವಿನ್ಯಾಸ ಖಚಿತವಾದೊಂದು ನಿಲುವು. ಅದು ಯಾವುದೇ ಒಂದು ಕಾರ್ಯಾಚರಣ ವ್ಯವಸ್ಥೆಗೆ ಕಟ್ಟುಬೀಳದೆ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೂ ಸೇರಿತು, ಆದ್ದರಿಂದಲೇ ಉಳಿಯಿತು. ಹಳೆಯ ನುಡಿ, ಬರಹ ಫಾಂಟುಗಳ ಸಂಕೇತಕ್ರಮವೂ ಒಂದು ನಿಲುವೇ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ನಮ್ಮ ಎಷ್ಟೋ ಮಹಾಪ್ರಬಂಧಗಳು ಆ ಫಾಂಟುಗಳಲ್ಲೇ ಬೆರಳಚ್ಚಾದವು. ಆ ಫಾಂಟು ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಮೊದಲನೆಯದು ಬರೆಯುವ ಕೈಗೆ ಶಿಸ್ತು ಕೊಟ್ಟಿತು. ಎರಡನೆಯದು ಬರೆದದ್ದನ್ನೇ ಸೆರೆಯಲ್ಲಿಟ್ಟಿತು.

ಈ ಭೇದವೇ ನಮ್ಮ ಅಳತೆಗೋಲಾಗಬೇಕು. ಬಳಕೆಯ ರೀತಿಯನ್ನು ವಿತರಣೆ ನಿರ್ಧರಿಸಲಿ. ಬರಹವನ್ನು ಕೂಡಿಡುವ ರೂಪವನ್ನು ಮಾತ್ರ ಮುಕ್ತ ಮಾನಕವೇ ನಿರ್ಧರಿಸಬೇಕು. ವಿಭಾಗವೊಂದು ನಿಲುವುಳ್ಳ ಲಿನಕ್ಸನ್ನು ಒಪ್ಪುವಾಗ ಎಲ್ಲ ಸಾಮಗ್ರಿಯನ್ನು ಯೂನಿಕೋಡಿನಲ್ಲಿಯೇ ಇಡುವುದು, ಉಪಭಾಷೆಯ ಪದಗಳನ್ನು ಕಾಗುಣಿತ ಪರೀಕ್ಷಕದ ಪಟ್ಟಿಗೆ ಸೇರಿಸುವುದು, ಮಾಡಿಕೊಂಡ ಮಾರ್ಪಾಟುಗಳನ್ನು ಬರೆದಿಡುವುದು ಅಗತ್ಯ. ಮುಕ್ತ ತಂತ್ರಾಂಶದ ಪರವಾನಗಿ ತಿದ್ದುವ ಹಕ್ಕನ್ನು ಕೊಡುತ್ತದೆ, ತಿದ್ದುವವರನ್ನು ಕೊಡುವುದಿಲ್ಲ. ಕೇರಳದಲ್ಲಿ ಆ ಹೊಣೆಗೆ ಒಂದು ಸಂಸ್ಥೆಯಿದೆ. ನಮ್ಮಲ್ಲಿ ಕನ್ನಡ ಮತ್ತು ಗಣಕವಿಜ್ಞಾನ ವಿಭಾಗಗಳು ಜೊತೆಗೂಡದ ಹೊರತು ಆ ಹಕ್ಕು ಕಾಗದದಲ್ಲಿಯೇ ಉಳಿದೀತು.